ಕೆರೆ ಕೊಟ್ಟವರು ಬಿತ್ತುವಟ್ಟವನ್ನೂ ಕೊಡುತ್ತಿದ್ದರು: ಸಿಎಸ್‌ಆರ್ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಮುಖ್ಯಸ್ಥರಿಗೆ ಮತ್ತು ದಾನ ಪ್ರತಿಷ್ಠಾನಗಳ ಟ್ರಸ್ಟಿಗಳಿಗೆ,

ಮಾನ್ಯರೇ, ಶರಣು ಶರಣಾರ್ಥಿ.

ನಾನು ಯಾದಗಿರಿ ಜಿಲ್ಲೆಯ ಒಂದು ಸಣ್ಣ ಊರಿನ ಉಚಿತ ಪ್ರಸಾದ ನಿಲಯದ ಕಾರ್ಯದರ್ಶಿ. ಪ್ರಸಾದ ನಿಲಯ ಅಂದರೆ ಬಡ ಮಕ್ಕಳು ಉಳಿದುಕೊಂಡು, ಉಂಡು, ಓದುವ ಜಾಗ. 36 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ 2021ರಲ್ಲಿ ನಿವೃತ್ತನಾದೆ. ಅದಕ್ಕೂ ಮೊದಲು ಇದೇ ನಿಲಯದಲ್ಲಿ ಉಂಡು ಬೆಳೆದವನು ನಾನು.

ಈ ಪತ್ರ ಬರೆಯಲು ಕಾರಣ ನೀರು ಶುದ್ಧ ಮಾಡುವ ಒಂದು ಯಂತ್ರ. ಅದು ನಮ್ಮ ಅಡುಗೆಮನೆಯ ಪಕ್ಕದಲ್ಲಿದೆ. ಐದು ವರ್ಷದ ಹಿಂದೆ ಒಂದು ಕಂಪನಿ ಕೊಟ್ಟಿದ್ದು. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆದ್ದರಿಂದ ಆ ಯಂತ್ರ ಬಂದ ದಿನ ನಾವೆಲ್ಲ ಬಹಳ ಖುಷಿಪಟ್ಟೆವು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಳಗಿನ ಮೆಂಬ್ರೇನ್ ಹಾಳಾಯಿತು, ಮೋಟಾರು ಸುಟ್ಟಿತು. ರಿಪೇರಿಗೆ 22 ಸಾವಿರ ಆಗುತ್ತದೆ ಎಂದರು. ಕಂಪನಿಗೆ ಪತ್ರ ಬರೆದೆ. ‘ಆ ಪ್ರಾಜೆಕ್ಟ್ ಮುಗಿದಿದೆ, ರಿಪೋರ್ಟ್ ಸಲ್ಲಿಕೆಯಾಗಿದೆ’ ಎಂದು ಉತ್ತರ ಬಂತು. ಆ ವರ್ಷ ಅಡುಗೆಯವರ ಸಂಬಳಕ್ಕೇ ಮೂರು ತಿಂಗಳು ತಡವಾಗಿತ್ತು. ರಿಪೇರಿ ಮಾಡಿಸಲು ನಮ್ಮಿಂದ ಆಗಲಿಲ್ಲ. ಮಕ್ಕಳು ಮತ್ತೆ ಬೋರಿನ ನೀರು ಕುಡಿಯುತ್ತಿದ್ದಾರೆ. ಯಂತ್ರದ ಮೇಲಿನ ಹೆಸರಿನ ಫಲಕ ಮಾತ್ರ ಹೊಸದರ ಹಾಗೇ ಇದೆ.

ಆ ಕಂಪನಿಯ ಹೆಸರು ನಾನು ಹೇಳುವುದಿಲ್ಲ. ಅವರು ಕೆಟ್ಟವರಲ್ಲ. ಕೊಟ್ಟವರ ಮೇಲೆ ಸಿಟ್ಟೂ ಇಲ್ಲ. ಆದರೆ ನೀವು ಈಗ ದಾನವನ್ನು ಹೊಸ ರೀತಿಯಲ್ಲಿ ಮಾಡುತ್ತಿದ್ದೀರಿ. ಗುರಿ ಇಟ್ಟುಕೊಂಡು, ಲೆಕ್ಕ ಹಾಕಿ, ಫಲ ಅಳೆದು ಕೊಡುತ್ತಿದ್ದೀರಿ. ಅದರಲ್ಲಿ ಒಂದು ದೊಡ್ಡ ಅಂಶ ಬಿಟ್ಟುಹೋಗಿದೆ. ಅದನ್ನು ಉಣ್ಣುವವರ ಕಡೆಯಿಂದ ಹೇಳಬೇಕು ಅನಿಸಿತು.

ಮೊದಲು ನಮ್ಮ ಹಳೆಯ ದಾನ ಹೇಗಿತ್ತು ಅಂತ ಹೇಳುತ್ತೇನೆ. 1972ರಲ್ಲಿ ನನಗೆ ಹನ್ನೊಂದು ವರ್ಷ. ಅದು ದೊಡ್ಡ ಬರದ ವರ್ಷ. ಅಮೆರಿಕದಿಂದ ಬಂದ ಕೆಂಪು ಜೋಳವನ್ನು ರೇಷನ್ನಿನಲ್ಲಿ ಕೊಡುತ್ತಿದ್ದರು. ಮನೆಯಲ್ಲಿ ಊಟಕ್ಕೆ ತತ್ವಾರ ಅಂತಲೇ ಅಪ್ಪ ನನ್ನನ್ನು ಒಂದು ತಗಡಿನ ಟ್ರಂಕಿನ ಜೊತೆ ನಿಲಯದಲ್ಲಿ ಬಿಟ್ಟು ಹೋದ. ಆಗ ನಿಲಯ ನಡೆಯುತ್ತಿದ್ದುದು ಎರಡರಿಂದ. ಒಂದು, ಮನೆಮನೆಯ ಹಿಡಿ ಜೋಳ. ಹೆಂಗಸರು ಬೀಸಲು ಕೂರುವ ಮೊದಲು ಒಂದು ಹಿಡಿ ಜೋಳ ತೆಗೆದು ಗಡಿಗೆಗೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ನಾವು ಹುಡುಗರೇ ಜೋಳಿಗೆ ಹಿಡಿದು ಹೋಗಿ ತರುತ್ತಿದ್ದೆವು. ಇನ್ನೊಂದು, ಕಣದ ಕಾಳು. ಸುಗ್ಗಿಯಲ್ಲಿ ರಾಶಿ ಮಾಡಿದ ರೈತ, ಕಾಳು ಮನೆಗೆ ಹೋಗುವ ಮುಂಚೆ ನಿಲಯದ ಪಾಲು ಅಳೆದು ಇಡುತ್ತಿದ್ದ. ಆ ಬರದ ವರ್ಷವೂ ಒಬ್ಬ ಮುದುಕ ಅರ್ಧ ಚೀಲ ಜೋಳ ತಂದು ಇಳಿಸಿದ. ಅವನ ಮನೆಯಲ್ಲೇ ಕಾಳು ಕಡಿಮೆ ಇತ್ತು. ‘ಹುಡುಗ್ರು ಉಣ್ಲಿ’ ಅಂದ, ಅಷ್ಟೇ. ರಸೀದಿಯನ್ನೂ ಕೇಳಲಿಲ್ಲ.

ನಮ್ಮ ಕಡೆ ಇದನ್ನು ದಾಸೋಹ ಅನ್ನುತ್ತಾರೆ. ಕೊಡುವವನು ಮೇಲಲ್ಲ, ತಗೊಳ್ಳುವವನು ಕೆಳಗಲ್ಲ ಎನ್ನುವುದು ಅದರ ಅರ್ಥ. ಇಂದಿಗೂ ಕೊಪ್ಪಳದ ಗವಿಸಿದ್ದೇಶ್ವರ ಜಾತ್ರೆಗೆ ಸುತ್ತಲ ಹಳ್ಳಿಗಳ ತಾಯಂದಿರು ಲಕ್ಷಗಟ್ಟಲೆ ರೊಟ್ಟಿ ಬಡಿದು ಕಳಿಸುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಆ ಮಠದ ಬೆನ್ನಿಗೆ ನಿಂತವರಲ್ಲಿ ರೈತರೇ ಬಹಳ. ದವಸ ತಂದು ಹಾಕಿದವರು ಅವರು.

ಆದರೆ ಹಳೆಯದೆಲ್ಲ ಚಂದವಿತ್ತು ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಆಗಿನ ಎಷ್ಟೋ ನಿಲಯಗಳು ಒಂದೊಂದು ಜಾತಿಯ ಮಕ್ಕಳಿಗಾಗಿಯೇ ಹುಟ್ಟಿದ್ದವು. ಎಲ್ಲ ಜಾತಿಯವರಿಗೆ ಬಾಗಿಲು ತೆರೆದಿದ್ದ ಕಡೆಯೂ ಯಾರು ಎಲ್ಲಿ ಕೂತು ಉಣ್ಣಬೇಕು ಅಂತ ಇತ್ತು. ನಮ್ಮಲ್ಲೂ ಇತ್ತು. ನನ್ನ ತರಗತಿಯ ಒಬ್ಬ ಹುಡುಗ ಪಡಸಾಲೆಯ ಹೊರಗೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದ. ನಾನು ಒಳಗೆ ಕೂತು ಉಂಡೆ. ಆಗ ಅದು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ಇವತ್ತು ನೆನೆದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಇನ್ನೊಂದು ಮಾತು. ಹಳೆಯ ದಾನಿ ಕೊಟ್ಟು ಮರೆತುಬಿಡುತ್ತಿದ್ದ. ನಿಲಯದಲ್ಲಿ ಉಂಡ ಹುಡುಗ ಪಾಸಾದನೋ, ಶಾಲೆ ಬಿಟ್ಟನೋ, ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ನಿಲಯ ಯಾಕಿಲ್ಲ ಅಂತ 50 ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನು ಮೊದಲು ಕೇಳಿದ್ದು ನಿಮ್ಮ ಅರ್ಜಿ.

ಇದನ್ನು ನಾನು ಒತ್ತಿ ಹೇಳಬೇಕು. 2015ರಲ್ಲಿ ನಾವು ಮೊದಲ ಬಾರಿ ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕಿದೆವು. ಕಂಪನಿ ಕಾಯ್ದೆಯ 135ನೇ ಕಲಂ ಜಾರಿಗೆ ಬಂದು ಆಗ ಒಂದು ವರ್ಷವಾಗಿತ್ತು. 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ಲಾಭ ಇರುವ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎಂಬ ಕಾನೂನು ಅದು. ಅರ್ಜಿಯಲ್ಲಿ ‘ಹೆಣ್ಣುಮಕ್ಕಳ ಸಂಖ್ಯೆ’ ಅಂತ ಒಂದು ಕಾಲಂ ಇತ್ತು. ಆಗ ನಾನು ಶಿಕ್ಷಕನಾಗಿದ್ದುಕೊಂಡೇ ನಿಲಯದ ಲೆಕ್ಕ ಬರೆಯುತ್ತಿದ್ದೆ. ಆ ಕಾಲಂನಲ್ಲಿ ಸೊನ್ನೆ ಬರೆದೆ. ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ನನ್ನ ತರಗತಿಯಲ್ಲೇ ತಾಂಡಾದಿಂದ ಬರುತ್ತಿದ್ದ ಹುಡುಗಿಯರು ಒಂಬತ್ತನೇ ತರಗತಿಗೆ ಶಾಲೆ ಬಿಡುತ್ತಿದ್ದರು. ಮರುವರ್ಷ ಒಂದು ಬಾಡಿಗೆ ಮನೆ ಹಿಡಿದು 24 ಹುಡುಗಿಯರೊಂದಿಗೆ ಹೆಣ್ಣುಮಕ್ಕಳ ನಿಲಯ ಶುರುಮಾಡಿದೆವು. ಈಗ ಅಲ್ಲಿ 60 ಜನ ಇದ್ದಾರೆ.

ಹಾಗೆಯೇ ಹಾಜರಿ ಪುಸ್ತಕ. ನಿಮ್ಮ ಕಡೆಯಿಂದ ಬಂದ ಒಬ್ಬ ಹುಡುಗಿ, ಮಗಳ ವಯಸ್ಸಿನವಳು, ‘ಸರ್, ಯಾವ ತಿಂಗಳಲ್ಲಿ ಯಾರು ಬರಲಿಲ್ಲ ಅಂತ ಬರೆದಿಡಿ’ ಎಂದಳು. ಬರೆದೆವು. ವರ್ಷ ಮುಗಿದಾಗ ನೋಡಿದರೆ, ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಲ್ಲಿ ಹೆಚ್ಚಿನವರು ಸುಗ್ಗಿ ಮುಗಿದ ಮೇಲೆ ತಂದೆ-ತಾಯಿಯ ಜೊತೆ ಗುಳೆ ಹೋದವರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುಂಬೈಗೆ. ನಾವು 30 ವರ್ಷ ಆ ಮಕ್ಕಳನ್ನು ದಡ್ಡರು ಅಂದುಕೊಂಡಿದ್ದೆವು. ಅಂದಿನಿಂದ ಗುಳೆ ಹೋಗುವ ಮನೆಯವರನ್ನು ಮೊದಲೇ ಕಂಡು, ಮಕ್ಕಳನ್ನು ನಮ್ಮ ಹತ್ತಿರ ಬಿಟ್ಟು ಹೋಗಿ ಅಂತ ಕೇಳಿಕೊಳ್ಳುತ್ತೇವೆ. ಲೆಕ್ಕ ಇಟ್ಟು ಕೊಡುವುದರ ಬೆಲೆ ನನಗೆ ಗೊತ್ತು. ಅದನ್ನು ಕಲಿಸಿದ್ದಕ್ಕೆ ನಿಮಗೆ ಋಣಿ.

ಹಿಂದಿನ ದಾಸೋಹಕ್ಕೇ ಮರಳೋಣ ಅಂದರೂ ಆಗುವುದಿಲ್ಲ. ಯಾಕೆಂದರೆ ಈಗ ಕಣವೇ ಇಲ್ಲ. ನಾರಾಯಣಪುರದ ಕಾಲುವೆ ನೀರು ಬಂದ ಕಡೆ ಜೋಳ ಹೋಗಿ ಭತ್ತ, ಹತ್ತಿ ಬಂದವು. ಭತ್ತ ಕೊಯ್ಯುವ ಯಂತ್ರ ಹೊಲದಲ್ಲೇ ಕಾಳು ಬೇರೆ ಮಾಡುತ್ತದೆ. ಅಲ್ಲಿಂದಲೇ ಲಾರಿ ಹತ್ತುತ್ತದೆ. ರಾಶಿಯ ಮುಂದೆ ನಿಂತು ‘ನಿಲಯಕ್ಕೆ ಇಷ್ಟು’ ಅಂತ ಅಳೆಯುವ ಗಳಿಗೆಯೇ ಈಗಿಲ್ಲ. ಹತ್ತಿಯನ್ನಂತೂ ಬೇಯಿಸಿ ಬಡಿಸಲು ಬರುವುದಿಲ್ಲ. ಮನೆಯಲ್ಲಿ ಬೀಸುವುದೂ ನಿಂತಿದೆ, ಗಡಿಗೆಯೂ ಹೋಗಿದೆ. ರೈತನ ಮನಸ್ಸು ಸಣ್ಣದಾಗಿಲ್ಲ. ಅವನು ಕೊಡುತ್ತಿದ್ದ ದಾರಿ ಮುಚ್ಚಿಹೋಗಿದೆ. ಊರು ಬಿಟ್ಟು ಬೆಂಗಳೂರು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲೇ ದುಡ್ಡು ಕಳಿಸುತ್ತಾರೆ. ಅದೂ ಮಗುವಿನ ಹುಟ್ಟುಹಬ್ಬಕ್ಕೆ, ಹೋಳಿಗೆ ಊಟಕ್ಕೆ. ಜೂನ್‌ನಲ್ಲಿ ಒಂದೇ ವಾರ ಮೂರು ಹೋಳಿಗೆ ಊಟ ಆಗುತ್ತವೆ. ಆಗಸ್ಟ್‌ನಲ್ಲಿ ಬೇಳೆ ತರಲು ಸಾಲ ಮಾಡುತ್ತೇವೆ.

ಆದ್ದರಿಂದ ನಮ್ಮಂಥವರು ನಿಮ್ಮ ಬಾಗಿಲಿಗೇ ಬರಬೇಕಾಗಿದೆ. ಬಂದಾಗ ಏನಾಗುತ್ತದೆ ಅಂತ ಈಗ ಹೇಳುತ್ತೇನೆ.

ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿದೆ. ನಮ್ಮ ಕಮಿಟಿಯ ಏಳು ಜನರಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಆಡಿಟ್, ಇವೆಲ್ಲ ಬೇಕು. ಇರಲಿ, ಪರರ ಹಣ ಮುಟ್ಟುವವರು ಕಾಗದ ಸರಿಯಾಗಿ ಇಟ್ಟುಕೊಳ್ಳಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಳೆದ ವರ್ಷ ಒಂದು ಕಡೆ ‘ನಿಮ್ಮ ಮಾದರಿಯನ್ನು ನೂರು ಊರಿಗೆ ಹೇಗೆ ವಿಸ್ತರಿಸುತ್ತೀರಿ’ ಅಂತ ಕೇಳಿದರು. ನಮ್ಮದು ಒಂದು ಊರಿನ ನಿಲಯ. ಗಂಡು, ಹೆಣ್ಣು ಸೇರಿ 150 ಮಕ್ಕಳು. ಈ 150 ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಅದಕ್ಕಿಂತ ಹೆಚ್ಚಿನ ಆಸೆ ನಮಗಿಲ್ಲ ಎಂದೆ. ಅರ್ಜಿ ಅಲ್ಲಿಗೇ ನಿಂತಿತು. ಸೇವಾ ಸಂಸ್ಥೆಗಳು ಹಣ ಎತ್ತಲು ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಹೊಸದು ಬಂದಿದೆ, ಅಲ್ಲಿ ಪ್ರಯತ್ನಿಸಿ ಎಂದು ಒಬ್ಬರು ಹೇಳಿದರು. ಅಲ್ಲಿ ಒಂದು ಬಾರಿಗೆ ಕನಿಷ್ಠ 50 ಲಕ್ಷ ಎತ್ತಬೇಕಂತೆ. ನಮ್ಮ ಇಡೀ ವರ್ಷದ ಖರ್ಚೇ ಅಷ್ಟಿಲ್ಲ.

ಹಣ ಬಂದರೂ ಫೆಬ್ರುವರಿಯಲ್ಲಿ ಬರುತ್ತದೆ. ಮಾರ್ಚ್ 31ರೊಳಗೆ ಮುಗಿಸಿ ಅನ್ನುತ್ತಾರೆ. ಆ ಎರಡು ತಿಂಗಳಲ್ಲಿ ಊಟಕ್ಕೆ ಎಷ್ಟು ಅಂತ ಖರ್ಚು ಮಾಡಲು ಸಾಧ್ಯ? ಆದ್ದರಿಂದ ಹಣ ವಸ್ತುವಾಗುತ್ತದೆ. ಕಂಪ್ಯೂಟರ್ ಬರುತ್ತದೆ, ಮಂಚ ಬರುತ್ತದೆ, ಬ್ಯಾಗ್ ಬರುತ್ತದೆ. ಒಂದು ವರ್ಷ ಮೂರು ಬೇರೆ ಬೇರೆ ಕಡೆಯಿಂದ ಮಕ್ಕಳಿಗೆ ಸ್ಕೂಲ್ ಬ್ಯಾಗ್ ಬಂದವು. ಒಬ್ಬೊಬ್ಬ ಮಗುವಿಗೆ ಮೂರು ಬ್ಯಾಗ್. ಮೂರು ಸಲವೂ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಅದೇ ತಿಂಗಳು ನಮ್ಮ ಅಡುಗೆಯವ್ವ ಮಗಳ ಬಾಣಂತನಕ್ಕೆ ದುಡ್ಡಿಲ್ಲದೆ ಕಿವಿಯ ಓಲೆ ಅಡ ಇಟ್ಟಳು. ಅವಳ ಸಂಬಳ ನಾವು ಬಾಕಿ ಇಟ್ಟಿದ್ದೆವು. ಆ ದಿನ ನನಗಾದ ನಾಚಿಕೆಯನ್ನು ಇಲ್ಲಿ ಹೇಗೆ ಬರೆಯಲಿ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತೇ ಇದೆ. ಗಂಡ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದಳು. ಆ ಧೈರ್ಯ ನನಗಿರಲಿಲ್ಲ. ಎರಡನೇ ಸಲ, ಮೂರನೇ ಸಲ ಬ್ಯಾಗ್ ಬಂದಾಗ ಬೇಡ ಅನ್ನಲು ಹೆದರಿದೆ. ಬೇಡ ಅಂದರೆ ಮುಂದಿನ ವರ್ಷ ಏನೂ ಕೊಡಲಾರರು ಎಂಬ ಹೆದರಿಕೆ. ಕೊಡುವ ಮೊದಲು ಒಂದು ಫೋನ್ ಮಾಡಿ ‘ಏನು ಬೇಕು ಮಾಸ್ತರೇ’ ಅಂತ ನೀವು ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಸಂಬಳದ ಮಾತು ಎತ್ತಿದರೆ ಪ್ರತಿ ಸಲ ಒಂದೇ ಉತ್ತರ. ‘ಆಡಳಿತ ವೆಚ್ಚ ಶೇ 5 ದಾಟುವ ಹಾಗಿಲ್ಲ, ಕಾನೂನು ಇದೆ.’ ನಾನು ಗಣಿತದ ಮಾಸ್ತರ. ಸಿಎಸ್‌ಆರ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯನ್ನು ತರಿಸಿ ಕೂತು ಓದಿದೆ. ಶೇ 5ರ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ನಿಲಯದಲ್ಲಿ ಅಡುಗೆಯವ್ವನೇ ಯೋಜನೆ, ಅಲ್ವಾ? ಅವಳಿಲ್ಲದೆ ಊಟ ಎಲ್ಲಿಂದ ಬಂತು? ಹಾಗೆಯೇ ಒಂದೇ ವರ್ಷಕ್ಕೆ ಮುಗಿಸಬೇಕು ಅಂತಲೂ ಕಾನೂನು ಹೇಳುವುದಿಲ್ಲ. ಮುಂದುವರಿಯುವ ಯೋಜನೆ ಎಂದು ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಉಳಿದ ಹಣವನ್ನು ಅದಕ್ಕೇ ಅಂತ ತೆರೆದ ಬ್ಯಾಂಕ್ ಖಾತೆಯಲ್ಲಿ ಇಡಬಹುದು. ಕಾನೂನು ಕೊಟ್ಟಿರುವ ಸಮಯವನ್ನು ನೀವು ನಮಗೆ ಕೊಡುತ್ತಿಲ್ಲ. ನನ್ನ ಮುಖ್ಯ ದೂರು ಇದು.

ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಗೆಳೆಯರೊಬ್ಬರು ಮಕ್ಕಳನ್ನು ಶಾಸನದ ಕಲ್ಲುಗಳ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಅಂದು ಅವರು ಹೇಳಿದ ಒಂದು ಪದ ನನ್ನ ತಲೆಯಲ್ಲಿ ಉಳಿಯಿತು: ಬಿತ್ತುವಟ್ಟ. ಹಿಂದೆ ಕೆರೆ ಕಟ್ಟಿಸಿದವರು ಕಟ್ಟಿಸಿ ಸುಮ್ನೆ ಹೋಗುತ್ತಿರಲಿಲ್ಲ. ಆ ಕೆರೆಯನ್ನು ಕಾಪಾಡಿಕೊಂಡು ಹೋಗುವ ಖರ್ಚಿಗೆ ಭೂಮಿ ಬಿಡುತ್ತಿದ್ದರು, ಇಲ್ಲವೇ ಬೆಳೆಯಲ್ಲಿ ಒಂದು ಪಾಲು ಗೊತ್ತುಮಾಡುತ್ತಿದ್ದರು. ಅದೇ ಬಿತ್ತುವಟ್ಟ. ಹೂಳು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳಿವೆಯಂತೆ. ಕೆರೆ ಒಂದು ಸಲ ಕಟ್ಟುವುದು, ಹೂಳು ಪ್ರತಿ ವರ್ಷ ತುಂಬುವುದು ಅಂತ ಅವರಿಗೆ ಗೊತ್ತಿತ್ತು. ನಮ್ಮ ನೀರಿನ ಯಂತ್ರಕ್ಕೆ ಬಿತ್ತುವಟ್ಟ ಇರಲಿಲ್ಲ.

ಗುರಿ ಇಟ್ಟು ಕೊಡುವುದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಕಟ್ಟಿಸಿದ ಛತ್ರ 1903ರಿಂದ ಇದೆ. ದೂರದಿಂದ ಬಂದವರಿಗೆ ವಸತಿ, ಓದುವ ಹುಡುಗರಿಗೆ ಹಾಸ್ಟೆಲ್, ಎರಡನ್ನೂ ಅವರು ಯೋಚಿಸಿದ್ದರು. ತಾವು ಹೋದ ಮೇಲೆ ಇದು ಹೇಗೆ ನಡೆಯಬೇಕು ಎಂಬ ಲೆಕ್ಕ ಅವರಲ್ಲಿತ್ತು. ಕೊಟ್ಟ ವರ್ಷದ ಲೆಕ್ಕಕ್ಕಿಂತ ಅದು ದೊಡ್ಡ ಲೆಕ್ಕ ಅಂತ ನನ್ನ ಅಭಿಪ್ರಾಯ.

ಇಂದಿನವರಲ್ಲೂ ಅಂಥ ತಾಳ್ಮೆ ಇದೆ. ಅಜೀಂ ಪ್ರೇಮ್‌ಜಿಯವರು 2019ರ ಹೊತ್ತಿಗೆ ತಮ್ಮ ಪ್ರತಿಷ್ಠಾನಕ್ಕೆ ಎತ್ತಿಟ್ಟ ಸಂಪತ್ತು ಸುಮಾರು 1.45 ಲಕ್ಷ ಕೋಟಿ. ಆ ಮೊತ್ತಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಅವರ ಕಡೆಯವರು ನಮ್ಮ ಜಿಲ್ಲೆಯಲ್ಲೇ ಮನೆ ಮಾಡಿಕೊಂಡು, ಸುರಪುರದಂಥ ಕಡೆ ಸರ್ಕಾರಿ ಶಾಲೆಯ ಮೇಷ್ಟ್ರುಗಳ ಜೊತೆ ವರ್ಷಗಟ್ಟಲೆ ಕೂತು ಕೆಲಸ ಮಾಡಿದರು. 2024ರಲ್ಲಿ ಅದೇ ಪ್ರತಿಷ್ಠಾನ ಶಾಲಾ ಮಕ್ಕಳ ಮೊಟ್ಟೆಗಾಗಿ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡಲು ಒಪ್ಪಿತು. ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನವಾಯಿತು. ಹಿಡಿ ಜೋಳದ ಅನ್ನದಾನವೇ ಇದು. ಅಡುಗೆ ಮಾಡುವವರು, ಶಾಲೆ, ಸರ್ಕಾರ ಎಲ್ಲ ಮೊದಲೇ ಇದ್ದರು. ಇರುವುದರ ಪಕ್ಕಕ್ಕೆ ಬಂದು ನಿಂತರು. ಎಲ್ಲರ ಹತ್ತಿರ ಅಷ್ಟು ಹಣ ಇರುವುದಿಲ್ಲ, ನಿಜ. ಆದರೆ ಮೂರು ವರ್ಷ ಜೊತೆಗಿರುತ್ತೇವೆ ಅಂತ ಮೊದಲೇ ಹೇಳುವುದಕ್ಕೆ ಕೋಟಿ ಬೇಕಿಲ್ಲ.

ನಮ್ಮ ಕೋರಿಕೆಗಳು ಇಷ್ಟು.

ಒಂದು ವಸ್ತು ಕೊಟ್ಟರೆ, ಕಟ್ಟಡ ಕೊಟ್ಟರೆ, ಅದರ ಜೊತೆ ಐದು ವರ್ಷದ ರಿಪೇರಿ, ಕರೆಂಟ್ ಬಿಲ್ಲಿನ ಹಣವನ್ನೂ ಇಟ್ಟು ಕೊಡಿ. ಅದಕ್ಕೆ ಹಣ ಸಾಲದಿದ್ದರೆ ವಸ್ತುವನ್ನೇ ಸಣ್ಣದು ಮಾಡಿ. ಹತ್ತು ಕಂಪ್ಯೂಟರಿನ ಬದಲು ಆರು ಸಾಕು, ಅವು ನಡೆಯಲಿ. ಅಡುಗೆಯವರ, ವಾರ್ಡನ್ನರ ಸಂಬಳವನ್ನು ದಂಡದ ಖರ್ಚು ಅಂತ ನೋಡಬೇಡಿ. ಒಂದು ವರ್ಷದ ಬದಲು ಮೂರು ವರ್ಷಕ್ಕೆ ಮಾತು ಕೊಡಿ. ಬಿಡುವಾಗ ಆರು ತಿಂಗಳು ಮೊದಲು ತಿಳಿಸಿ.

ಅರ್ಜಿ ಕನ್ನಡದಲ್ಲೂ ಇರಲಿ. ನಮ್ಮ ಅಧ್ಯಕ್ಷರು ಏಳನೇ ತರಗತಿ ಓದಿದ ರೈತರು. ನಿಲಯಕ್ಕೆ ಜಾಗ ಕೊಟ್ಟವರೂ ಅವರೇ. ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಅಂತ ಅವರಿಗೆ ತಿಳಿಯಬೇಕು. ಯಾರಿಗೆ ಕೊಡಬೇಕು ಅಂತ ನಿರ್ಧರಿಸುವ ನಿಮ್ಮ ಸಮಿತಿಗಳಲ್ಲಿ ಹಳ್ಳಿಯ ಒಬ್ಬರಾದರೂ ಕೂರಲಿ. ಒಂದು ನಿಲಯದಲ್ಲಿ ಉಂಡು ಬೆಳೆದ ಹೆಣ್ಣುಮಗಳೊಬ್ಬಳು ಕೂತರೆ ಇನ್ನೂ ಒಳ್ಳೆಯದು.

ಇನ್ನೊಂದು, ಕಾರ್ಖಾನೆ ಇರುವ ಸುತ್ತಲಿನ ಪ್ರದೇಶಕ್ಕೆ ಮೊದಲ ಆದ್ಯತೆ ಎಂದು ಕಾನೂನು ಹೇಳುತ್ತದೆ. ಕಾರ್ಖಾನೆಯೇ ಇಲ್ಲದ ತಾಲೂಕುಗಳು ಏನು ಮಾಡಬೇಕು? ರಾಜ್ಯದ ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಹೆಸರಿಸಿ ಪಟ್ಟಿ ಕೊಟ್ಟಿದೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಕಡೆಯವೇ. ನೀವು ಹೊಸ ಸರ್ವೆ ಮಾಡಿಸುವ ಮೊದಲು ಆ ಪಟ್ಟಿ ತೆರೆದು ನೋಡಿ. ಬೆಂಗಳೂರಿನಲ್ಲಿ ನಿಮ್ಮ ಕಟ್ಟಡ ಕಟ್ಟಲು ಗುಳೆ ಬಂದವರ ಮಕ್ಕಳು ಆ ತಾಲೂಕುಗಳಲ್ಲಿದ್ದಾರೆ. ಅದೂ ನಿಮ್ಮ ಸುತ್ತಲಿನ ಪ್ರದೇಶವೇ ಅಂತ ದಯವಿಟ್ಟು ತಿಳಿಯಿರಿ.

ನಮ್ಮ ಕಡೆಯಿಂದಲೂ ಮಾತು ಕೊಡಬೇಕು. ಈ ಜೂನ್‌ನಿಂದ ನಿಲಯದ ಪ್ರತಿ ತಿಂಗಳ ಜಮಾ-ಖರ್ಚನ್ನು ಕನ್ನಡದಲ್ಲಿ ಬರೆದು ಊಟದ ಪಡಸಾಲೆಯ ಗೋಡೆಗೆ ಅಂಟಿಸುತ್ತೇವೆ. ಒಂದು ಹಿಡಿ ಕೊಟ್ಟವರೂ, ಲಕ್ಷ ಕೊಟ್ಟವರೂ ಬಂದು ಓದಬಹುದು. ಮಕ್ಕಳೂ ಓದುತ್ತಾರೆ. ಹಾಜರಿ, ಪಾಸು, ಫೇಲು ಎಲ್ಲವೂ ಅಲ್ಲೇ ಇರುತ್ತದೆ. ಬೇಡವಾದ್ದು ಬಂದರೆ ಬೇಡ ಅಂತ ಹೇಳುತ್ತೇವೆ, ಪಕ್ಕದ ಊರಿನ ಯಾವ ನಿಲಯಕ್ಕೆ ಬೇಕು ಅಂತಲೂ ತಿಳಿಸುತ್ತೇವೆ. ಪಡಸಾಲೆಯಲ್ಲಿ ಈಗ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ.

ಜೂನ್‌ನ ಮೊದಲ ವಾರ ಮಕ್ಕಳು ಬರುತ್ತಾರೆ. ನಿಮ್ಮಲ್ಲಿ ಯಾರಾದರೂ ಬನ್ನಿ. ಬ್ಯಾನರ್ ಬೇಡ, ಫೋಟೋದವರೂ ಬೇಡ. ಒಂದು ರಾತ್ರಿ ಉಳಿಯಿರಿ. ಬೆಳಗ್ಗೆ ನಾಲ್ಕೂವರೆಗೆ ಅಡುಗೆಯವ್ವ ಒಲೆ ಹಚ್ಚುತ್ತಾಳೆ. ಆ ಹೊತ್ತಿಗೆ ಎದ್ದು ಅವಳ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಜೋಳದ ರೊಟ್ಟಿ, ಪುಂಡಿ ಪಲ್ಯ ಉಣ್ಣಿ. ಕುಡಿಯುವ ನೀರನ್ನು ಮಾತ್ರ ಬಾಟಲಿಯಲ್ಲಿ ತನ್ನಿ. ಆ ಯಂತ್ರ ಇನ್ನೂ ರಿಪೇರಿಯಾಗಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಉಚಿತ ಪ್ರಸಾದ ನಿಲಯ
ಯಾದಗಿರಿ ಜಿಲ್ಲೆ